ತೊಟ್ಟಿ ಮನೆಗೆ ಹೊಸ ಕೋಣೆ

ಅಜ್ಜನ ಕಾಲದ ಮನೆಯನ್ನು ಕೆಡವಲು ಮನಸ್ಸಿಲ್ಲ, ಇದ್ದ ಹಾಗೆಯೇ ಅದರಲ್ಲಿ ಬಾಳಲು ಅನುಕೂಲವಿಲ್ಲ. ಹಳೆ ಮೈಸೂರಿನ ಊರುಗಳಲ್ಲಿ, ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಇಕ್ಕಟ್ಟಿಗೆ ಸಿಕ್ಕಿದ ಕುಟುಂಬಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ತೊಟ್ಟಿಯ ಸುತ್ತಿನ ಹಳೆಯ ಭಾಗ ಉಳಿಯಲಿ; ಪಕ್ಕಕ್ಕೋ ಹಿತ್ತಲಿಗೋ ಎರಡು ಮಲಗುವ ಕೋಣೆ, ಅವುಗಳಿಗೆ ಹೊಂದಿದ ಬಚ್ಚಲು, ನಿಂತು ಅಡುಗೆ ಮಾಡುವ ಅಡುಗೆಮನೆ ಸೇರಲಿ. ಈ ತೀರ್ಮಾನದ ಬೆನ್ನಿಗೇ ಒಂದು ಷರತ್ತೂ ಬರುತ್ತದೆ: ಹೊಸ ಭಾಗ ಹಳೆಯದರ ಹಾಗೆಯೇ ಕಾಣಬೇಕು, ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತೆಂದು ನೋಡಿದವರಿಗೆ ಗೊತ್ತಾಗಬಾರದು. ಗುತ್ತಿಗೆದಾರ ಇದಕ್ಕೆ ತಲೆಯಾಡಿಸುತ್ತಾನೆ. ಆಮೇಲೆ ಕಾಂಕ್ರೀಟ್ ಕಂಬಕ್ಕೆ ಮರದ ಬಣ್ಣ ಬರುತ್ತದೆ, ಇಳಿಜಾರು ಸ್ಲ್ಯಾಬಿನ ಮೇಲೆ ಸಿಮೆಂಟಿನಲ್ಲಿ ಹೆಂಚು ಅಂಟುತ್ತದೆ, ನೆಲದ ಟೈಲು ಕಾವಿ ನೆಲದ ವೇಷ ಹಾಕುತ್ತದೆ. ಹಳೆಯದು ಹೊಸದು ಹೊಂದಿಕೊಂಡವು ಎಂದು ಎಲ್ಲರೂ ಒಪ್ಪುತ್ತಾರೆ. ಆ ಷರತ್ತೇ ಗೊಂದಲದ್ದು, ತಾನು ಉಳಿಸಹೊರಟ ಮನೆಯನ್ನೇ ಅದು ಸವೆಸುತ್ತದೆ ಎಂಬುದು ನನ್ನ ವಾದ.

ಮೊದಲು ಈ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ, ಏಕೆಂದರೆ ಅದರ ಹಿಂದಿರುವ ಕಾರಣಗಳು ಹಗುರವಲ್ಲ. ಹಿರಿಯರು ಕಟ್ಟಿಸಿದ್ದರ ಎದುರು ನಮ್ಮ ರುಚಿಯನ್ನು ಮೆರೆಸಬಾರದೆಂಬ ಸಂಕೋಚ ಅದರಲ್ಲಿದೆ. ಒಂದೇ ಮನೆತನ ಬಾಳುವ ಮನೆ ಒಂದೇ ಆಗಿ ಕಾಣಲಿ ಎಂಬ ಸಹಜ ಆಸೆಯೂ ಇದೆ. ಎಲ್ಲಕ್ಕಿಂತ ಬಲವಾದದ್ದು ಭಯ. ಹೋಲಿಕೆಯ ನಿಯಮ ಸಡಿಲಿಸಿದ ಕಡೆ ಏನಾಗಿದೆಯೆಂದು ಪ್ರತಿ ಊರಿನಲ್ಲೂ ಕಾಣಬಹುದು: ಹೆಂಚಿನ ಮನೆಯ ಮಗ್ಗುಲಲ್ಲಿ, ಅಂಥದೊಂದು ಮನೆ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಎದ್ದ ಎರಡಂತಸ್ತಿನ ಆರ್‌ಸಿಸಿ ಪೆಟ್ಟಿಗೆ. ಅದರ ಮೇಲಿನ ನೀರು ಹಳೆಯ ಮಾಡಿನ ಮೇಲೆ ಸುರಿಯುತ್ತದೆ, ಅದರ ಗೋಡೆ ಪಡಸಾಲೆಯ ಕಿಟಕಿಯನ್ನು ಮುಚ್ಚುತ್ತದೆ. ಇದಕ್ಕೆ ಹೋಲಿಸಿದರೆ ಮರದ ಬಣ್ಣ ಬಳಿದ ಕಾಂಕ್ರೀಟ್ ಕಂಬವೇ ಮರ್ಯಾದಸ್ಥ ಅನ್ನಿಸುವುದು ಸಹಜ. ಆದರೆ ಈ ಮೂರೂ ಕಾರಣಗಳು ಹೇಳುವುದು ಹೊಸ ಭಾಗ ಹಳೆಯದಕ್ಕೆ ಕೇಡು ಮಾಡಬಾರದು ಎಂದು. ಅದರ ಪಡಿಯಚ್ಚಾಗಬೇಕು ಎಂಬ ಮಾತು ಅಲ್ಲಿಂದ ಹುಟ್ಟುವುದಿಲ್ಲ. ಇವೆರಡರ ನಡುವಿನ ದೂರವನ್ನು ಅಳೆಯದೆ ದಾಟಿಬಿಡುವುದೇ ಗೊಂದಲದ ಮೂಲ.

ಪಡಿಯಚ್ಚು ತೆಗೆಯುವುದೆಂದರೆ ಯಾವ ಹಳೆಯದರ ಪಡಿಯಚ್ಚು ಎಂದು ಕೇಳಬೇಕಾಗುತ್ತದೆ. ಪರಂಪರೆಯ ಮನೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೆಂಪು ಮಂಗಳೂರು ಹೆಂಚು. ಅದು ಮಂಗಳೂರಿನಲ್ಲಿ ತಯಾರಾಗತೊಡಗಿದ್ದು 1865ರಲ್ಲಿ, ಬಾಸೆಲ್ ಮಿಷನ್ ತನ್ನ ಕಾರ್ಖಾನೆ ಆರಂಭಿಸಿದ ಮೇಲೆ. ಅದಕ್ಕೂ ಮುಂಚೆ ಮನೆಗಳ ಮೇಲಿದ್ದದ್ದು ಕುಂಬಾರರು ತಟ್ಟಿದ ನಾಡಹೆಂಚು, ಇಲ್ಲವೇ ಹುಲ್ಲು, ಸೋಗೆ. ಒಂದರೊಳಗೊಂದು ಕೊಕ್ಕೆಯಂತೆ ಕೂರುವ, ಯಂತ್ರದಲ್ಲಿ ಒತ್ತಿದ ಹೆಂಚು ಬಂದಾಗ ಅದು ಆ ಕಾಲದ ಅಪ್ಪಟ ಹೊಸ ಸರಕು. ನಮ್ಮ ಹಿರಿಯರು ಅದನ್ನು ನಾಡಹೆಂಚಿನ ಹಾಗೆ ಕಾಣಿಸಲು ಹೆಣಗಲಿಲ್ಲ. ಅದು ಬೇಡುವ ಇಳಿಜಾರು ಕೊಟ್ಟು, ಅದಕ್ಕೆ ತಕ್ಕ ಅಂತರದಲ್ಲಿ ರೀಪು ಹೊಡೆದು, ಒಳ್ಳೆಯದೆಂದು ಒಪ್ಪಿಕೊಂಡರು. ನಾವು ಅಜ್ಜಿಯ ಕಾಲದ್ದೆಂದು ಮೆಚ್ಚುವ ಕನ್ನಡಿಯಂಥ ಕೆಂಪು ನೆಲದಲ್ಲಿ ಬಹುಪಾಲು ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ತೀಡಿದ್ದು, ಅಂದರೆ ಸಿಮೆಂಟು ಊರಿಗೆ ಬಂದ ಮೇಲಿನದು. ಕಿಟಕಿಯ ಗಾಜು, ಸಲಾಕೆ, ಕಬ್ಬಿಣದ ತೊಲೆ ಎಲ್ಲವೂ ಹೀಗೆ ಒಂದೊಂದು ತಲೆಮಾರಿನಲ್ಲಿ ಒಂದೊಂದಾಗಿ ಒಳಗೆ ಬಂದವು. 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಇಂದು ಹಳೆಯ ಊರಿನ ಮಾದರಿಗಳು; ಆಗ ಅವು ಪೇಟೆಯ ಒತ್ತೊತ್ತಾದ ಬೀದಿಗಳನ್ನು ಬಿಟ್ಟು ಬಂದ ಹೊಸ ಬಡಾವಣೆಗಳು. ನೂರು ವರ್ಷದ ಮನೆಯೊಂದರಲ್ಲಿ ಮೂರು ನಾಲ್ಕು ಕಾಲಗಳ ಕೆಲಸ ಇರುತ್ತದೆ, ಸ್ವಲ್ಪ ಗಮನಿಸಿದರೆ ಪ್ರತಿಯೊಂದೂ ಗುರುತು ಸಿಗುತ್ತದೆ. ಇಷ್ಟು ಕಾಲಗಳನ್ನು ಬಚ್ಚಿಡದೆ ಹೊತ್ತುಕೊಂಡ ಮನೆಗೆ ನಮ್ಮ ಕಾಲವೊಂದೇ ಮುಖ ಮರೆಸಿಕೊಂಡು ಒಳಬರಬೇಕೆಂದರೆ ಅದನ್ನು ಪರಂಪರೆ ಎನ್ನಲಾಗದು. ಪರಂಪರೆ ಎಂದೂ ಹಾಗೆ ನಡೆದುಕೊಂಡಿಲ್ಲ.

ಎರಡನೆಯ ತೊಡಕು ರೂಪಕ್ಕೂ ಕೆಲಸಕ್ಕೂ ಇರುವ ನಂಟಿನದು. ಮರದ ಕಂಬದ ತಲೆಯ ಮೇಲಿನ ಬೋದಿಗೆ ಅಲಂಕಾರವಾಗಿ ಕಾಣುತ್ತದೆ. ಅದರ ಕೆಲಸ ತೊಲೆಗೆ ಎರಡೂ ಕಡೆ ಆನಿಕೆಯನ್ನು ಚಾಚಿ, ಬಾಗುವ ಮರದ ಉದ್ದವನ್ನು ಕಡಿಮೆ ಮಾಡುವುದು. ಕಾಂಕ್ರೀಟಿನಲ್ಲಿ ಆ ಭಾರವನ್ನು ಒಳಗಿನ ಕಬ್ಬಿಣ ಹೊರುತ್ತದೆ, ಬೋದಿಗೆಗೆ ಅಲ್ಲಿ ಕೆಲಸವಿಲ್ಲ. ಹೆಂಚಿನ ಮಾಡಿನ ಸಂಗತಿ ಇನ್ನೂ ಸ್ಪಷ್ಟ. ಹೆಂಚು ತೆಳು, ಬಿಸಿಲಿಗೆ ಬೇಗ ಕಾಯುತ್ತದೆ, ಹೊತ್ತು ಮುಳುಗಿದೊಡನೆ ಬೇಗ ಆರುತ್ತದೆ, ಸಂದುಗಳಿಂದ ಒಳಗಿನ ಬಿಸಿಗಾಳಿ ಹೊರಬೀಳುತ್ತದೆ. (ನಡುಹಗಲಿನಲ್ಲಿ ಬರಿಯ ಹೆಂಚಿನ ಕೆಳಗೆ ಕೂತವರಿಗೆ ಅದು ತಂಪೆಂಬ ಭ್ರಮೆ ಇರುವುದಿಲ್ಲ, ಅಟ್ಟ ಇದ್ದದ್ದು ಸುಮ್ಮನೆ ಅಲ್ಲ.) ಅದೇ ಹೆಂಚನ್ನು ಕಾಂಕ್ರೀಟ್ ಸ್ಲ್ಯಾಬಿಗೆ ಅಂಟಿಸಿದರೆ ಗಾಳಿ ಆಡುವುದಿಲ್ಲ, ಸ್ಲ್ಯಾಬು ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಮಲಗುವ ಹೊತ್ತಿಗೆ ಬಿಡುತ್ತದೆ, ಹೆಂಚಿನಡಿ ಸೇರಿದ ಮಳೆನೀರಿಗೆ ಹೋಗಲು ದಾರಿಯಿರುವುದಿಲ್ಲ. ಇನ್ನು ಹಳೆಯ ಮಾಡನ್ನೇ ಹಾಗೆಯೇ ಮುಂದಕ್ಕೆಳೆದು ಹೊಸ ಕೋಣೆಯನ್ನು ಅದರಡಿಗೆ ತರುತ್ತೇವೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. 30 ಡಿಗ್ರಿ ಇಳಿಜಾರಿನ ಮಾಡು ಒಂದು ಮೀಟರ್ ಮುಂದೆ ಹೋದರೆ ಸುಮಾರು 58 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮೂರು ಮೀಟರ್ ಅಗಲದ ಕೋಣೆ ಸೇರಿಸಿದರೆ ಇಳಿತ 1.7 ಮೀಟರಿಗೂ ಹೆಚ್ಚು. ಹಳೆಯ ಸೂರು ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ಹೊಸ ಕೋಣೆಯ ಆಚೆ ಗೋಡೆಗೆ ಉಳಿಯುವುದು ಸೊಂಟಕ್ಕಿಂತಲೂ ಕಡಿಮೆ ಎತ್ತರ. ಇದನ್ನು ತಪ್ಪಿಸಲು ಇಳಿಜಾರನ್ನು ತಗ್ಗಿಸಿದರೆ ಜೋರು ಗಾಳಿಮಳೆಗೆ ನೀರು ಹೆಂಚಿನ ಸಂದಿನಲ್ಲಿ ಹಿಮ್ಮುಖವಾಗಿ ಏರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಈ ಉಪಾಯಕ್ಕೆ ಒಂದು ಮಳೆಗಾಲದ ಆಯುಸ್ಸೂ ಇರದು. ಅಂದರೆ ಒಂದೇ ಮಾಡಿನ ಮುಂದುವರಿಕೆ ಕಿರಿದಾದ ಜಗಲಿಗೆ ಮಾತ್ರ ಸಾಧ್ಯ. ಬಾಳುವ ಕೋಣೆಗೆ ಬೇರೆಯೇ ಮಾಡು, ಬೇರೆಯೇ ಎತ್ತರ ಬೇಕು. ಜ್ಯಾಮಿತಿಯೇ ಬೇರೆ ಮಾಡು ಕೇಳುತ್ತಿರುವಾಗ ಗೆರೆ ಕಾಣಬಾರದೆಂಬ ಹಟಕ್ಕೆ ನೆಲೆ ಎಲ್ಲಿ?

ನಿಜವಾದ ಅಪಾಯ ಇರುವುದು ಎರಡೂ ಕೂಡುವ ಜಾಗದಲ್ಲಿ. ಕಣ್ಣಿಗೆ ಗೆರೆ ಕಾಣಬಾರದೆಂದರೆ ಗೋಡೆಗೆ ಗೋಡೆ ಕಚ್ಚಿಸಿ, ಮೇಲೆ ಒಂದೇ ಗಾರೆ ಎಳೆದು, ಒಂದೇ ಬಣ್ಣ ಹೊಡೆಯಬೇಕು. ಕಟ್ಟಡದ ಮಟ್ಟಿಗೆ ಇದು ಎಲ್ಲಕ್ಕಿಂತ ಕೆಟ್ಟ ಜೋಡಣೆ. ಕಾರಣ ಮೂರು.

1. ನೆಲ. ಹಳೆಯ ಮನೆ ತನ್ನ ಭಾರಕ್ಕೆ ಕುಸಿಯುವಷ್ಟು ಕುಸಿದು, ಹತ್ತಾರು ವರ್ಷಗಳಿಂದ ನೆಲೆ ನಿಂತಿದೆ. ಹೊಸ ಪಾಯ ಮೊದಲ ಕೆಲವು ವರ್ಷ ಕೂರುತ್ತಲೇ ಇರುತ್ತದೆ. ಎರೆಮಣ್ಣಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತಲೂ ಇರುತ್ತದೆ. ಎರಡನ್ನೂ ಕಚ್ಚಿಸಿ ಕಟ್ಟಿದರೆ ಹೊಸದು ಇಳಿಯುವಾಗ ಹಳೆಯದನ್ನು ಎಳೆಯುತ್ತದೆ. ಬಿರುಕು ಬೀಳುವುದು ಗಟ್ಟಿಯಾದ ಕಾಂಕ್ರೀಟಿನಲ್ಲಲ್ಲ, ಮೆತ್ತಗಿನ ಮಣ್ಣಿನ ಗೋಡೆಯಲ್ಲಿ. ಇದಕ್ಕಿಂತ ಕೆಟ್ಟದ್ದೂ ಉಂಟು: ಹಳೆಯ ಕಲ್ಲಿನ ತಳಪಾಯ ಹೆಚ್ಚು ಆಳವಿರುವುದಿಲ್ಲ, ಅದರ ಬುಡದಲ್ಲೇ ಅದಕ್ಕಿಂತ ಆಳವಾಗಿ ಹೊಸ ಕಂಬಕ್ಕೆ ಗುಂಡಿ ತೋಡಿದರೆ ಗೋಡೆಯಡಿಯ ಮಣ್ಣೇ ಗುಂಡಿಗೆ ಜಾರಬಹುದು.

2. ತೇವ. ಮಣ್ಣಿನ ಅಥವಾ ಹಸಿ ಇಟ್ಟಿಗೆಯ ದಪ್ಪ ಗೋಡೆ ನೆಲದಿಂದ ತೇವ ಹೀರುತ್ತದೆ, ಸುಣ್ಣದ ಗಾರೆಯ ಮೂಲಕ ಅದನ್ನು ಗಾಳಿಗೆ ಬಿಟ್ಟುಬಿಡುತ್ತದೆ. ಹೊಸ ಗೋಡೆಗೂ ಹಳೆಯದಕ್ಕೂ ಒಂದೇ ಮೈ ಬರಲೆಂದು ಎರಡಕ್ಕೂ ಸಿಮೆಂಟ್ ಗಾರೆ ಮೆತ್ತಿದಾಗ ತೇವಕ್ಕೆ ಹೊರಹೋಗುವ ದಾರಿ ಮುಚ್ಚುತ್ತದೆ. ಅದು ಗೋಡೆಯೊಳಗೇ ಮೇಲಕ್ಕೇರುತ್ತದೆ, ಉಪ್ಪು ಹರಳುಗಟ್ಟುತ್ತದೆ, ಗಾರೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹಳೆಯ ಗೋಡೆ ಹಾಳಾಯಿತು ಎಂದು ದೂರುವವರಲ್ಲಿ ಎಷ್ಟೋ ಮಂದಿ ಅದನ್ನು ಹಾಳುಮಾಡಿದ್ದು ಹಿಂದಿನ ರಿಪೇರಿ ಎಂದು ತಿಳಿಯದವರು.

3. ಬಿಸಿಲು. ಕಾಂಕ್ರೀಟು ಬಿಸಿಗೆ ಹಿಗ್ಗುವ ಪ್ರಮಾಣ ಇಟ್ಟಿಗೆಯದಕ್ಕಿಂತ ಸುಮಾರು ಎರಡರಷ್ಟು. ಒಂದೇ ಗಾರೆಯ ಹೊದಿಕೆಯ ಕೆಳಗೆ ಎರಡು ಬೇರೆ ಬೇರೆ ಚಲನೆಗಳು ದಿನವೂ ನಡೆಯುತ್ತವೆ. ಮುಚ್ಚಿಟ್ಟ ಗೆರೆ ಕೆಲವೇ ವರ್ಷಗಳಲ್ಲಿ ಬಿರುಕಾಗಿ ತಾನೇ ಹೊರಬರುತ್ತದೆ.

ಆದ್ದರಿಂದ ಎರಡರ ನಡುವೆ ಬೇಕಾದದ್ದು ಉದ್ದೇಶಪೂರ್ವಕವಾದ ಸಂದು. ಹೊಸದಕ್ಕೆ ತನ್ನದೇ ಪಾಯ, ಹಳೆಯ ಗೋಡೆಯಿಂದ ಒಂದಿಷ್ಟು ದೂರದಲ್ಲಿ. ನಡುವಿನ ಜಾಗ ಕಿರಿದಾದರೆ ಮೆತ್ತಗಿನ ತುಂಬುಗೆ, ಅಗಲವಾದರೆ ಒಂದು ಓಣಿ ಅಥವಾ ಪುಟ್ಟ ಅಂಗಳ. ಎರಡು ಮಾಡುಗಳು ಕೂಡುವಲ್ಲಿ ತಗಡಿನ ದೋಣಿ ಕೂಡಿಸುವುದಕ್ಕಿಂತ, ಒಂದರ ಸೂರು ಇನ್ನೊಂದಕ್ಕಿಂತ ಮೇಲೆ ಚಾಚಿಕೊಂಡು ನೀರನ್ನು ಹೊರಕ್ಕೆ ಎಸೆಯುವುದು ವಾಸಿ. ಎಲೆ ಕಟ್ಟಿಕೊಂಡ ದೋಣಿಯ ನೀರು ಸೇರುವುದು ಪಕಾಸಿನ ತುದಿಗೆ. ಅಲ್ಲಿಂದ ಗೆದ್ದಲಿಗೆ ಹೆಚ್ಚು ದೂರವಿಲ್ಲ.

ಇಲ್ಲಿಗೆ ವಾದ ಮುಗಿದಂತೆ ತೋರಬಹುದು, ಏಕೆಂದರೆ ವಾಸ್ತುಶಿಲ್ಪ ಓದಿದವರ ನಡುವೆ ಇದಕ್ಕೆ ನೇರ ವಿರುದ್ಧವಾದ ಮತ ಸಿದ್ಧವಾಗಿಯೇ ಇದೆ: ಹೊಸದು ಹೊಸದಾಗಿಯೇ ಕಾಣಬೇಕು, ಗಾಜು ಉಕ್ಕುಗಳಲ್ಲಿ, ನೋಡಿದೊಡನೆ. 1964ರ ವೆನಿಸ್ ಸನ್ನದನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಅನಿವಾರ್ಯವಾಗಿ ಸೇರಿಸುವ ಕೆಲಸ ಮೂಲದಿಂದ ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು, ತನ್ನ ಕಾಲದ ಮುದ್ರೆ ಹೊರಬೇಕು ಎಂದು ಆ ಸನ್ನದು ಹೇಳುವುದು ನಿಜ. ಆದರೆ ಅದೇ ಸನ್ನದು, ಬಿದ್ದುಹೋದ ಭಾಗದ ಜಾಗದಲ್ಲಿ ಹೊಸದನ್ನಿಟ್ಟಾಗ ಅದು ಇಡಿಯ ಕಟ್ಟಡದೊಡನೆ ಹೊಂದಿಕೊಂಡಿರಬೇಕು ಎಂದೂ ಹೇಳುತ್ತದೆ. ಅದು ಬರೆಯಲ್ಪಟ್ಟದ್ದು ಸ್ಮಾರಕಗಳಿಗಾಗಿ; ಅಲ್ಲಿ ಬೆಳಗ್ಗೆ ಎದ್ದು ಹಾಲು ಕಾಯಿಸುವವರಿರುವುದಿಲ್ಲ. ಮನೆಗೆ ಅದನ್ನು ಎತ್ತಿ ತಂದು, ಗುರುತು ಸಿಗಬೇಕು ಎಂಬುದನ್ನು ಗಮನ ಸೆಳೆಯಬೇಕು ಎಂದು ಓದಿದಾಗ, ಪಶ್ಚಿಮ ಬಿಸಿಲಿಗೆ ಮುಖಮಾಡಿದ ಗಾಜಿನ ಗೋಡೆ ಬರುತ್ತದೆ. ಅದರ ಹಿಂದೆ ಪರದೆ, ಪರದೆಯ ಹಿಂದೆ ಎಸಿ. ಪಡಿಯಚ್ಚಿನವರೂ ಗಾಜಿನವರೂ ಒಂದು ವಿಷಯದಲ್ಲಿ ಒಂದೇ ಪಂಗಡ: ಇಬ್ಬರೂ ಮನೆಯನ್ನು ಬೀದಿಯಿಂದ ನೋಡುವ ಚಿತ್ರವಾಗಿ ತೂಗುತ್ತಿದ್ದಾರೆ.

ಹಾಗಾದರೆ ಯಾವುದು ಮುಂದುವರಿಯಬೇಕು? ಮನೆ ಮಳೆ, ಗಾಳಿ, ಬೆಳಕುಗಳ ಜೊತೆ ನಡೆಸುವ ವ್ಯವಹಾರ ಮುಂದುವರಿಯಬೇಕು ಎಂಬುದು ನನ್ನ ಉತ್ತರ. ತೊಟ್ಟಿ ಇದಕ್ಕೆ ಸರಿಯಾದ ಪರೀಕ್ಷೆ. ನಾಲ್ಕು ಒಳಮಾಡುಗಳ ನೀರು ಅಲ್ಲಿ ಬಿದ್ದು ಕಾಲುವೆ ಹಿಡಿದು ಹೊರಹೋಗುತ್ತದೆ, ಕೋಣೆಗಳ ಬಿಸಿಗಾಳಿ ಅಲ್ಲಿಂದ ಮೇಲೇರುತ್ತದೆ, ಕಿಟಕಿಯಿಲ್ಲದ ಕೋಣೆಗೂ ಅಲ್ಲಿಂದ ಬೆಳಕು ಬರುತ್ತದೆ. ವಿಸ್ತರಣೆಯ ಹೆಸರಿನಲ್ಲಿ ಮೊದಲು ಬಲಿಯಾಗುವುದು ಈ ತೊಟ್ಟಿಯೇ. ಕೆತ್ತನೆಯ ಕಂಬಗಳನ್ನು ಪಾಲಿಶ್ ಮಾಡಿ ಉಳಿಸಿಕೊಂಡು, ಮೇಲೆ ಪಾಲಿಕಾರ್ಬನೇಟ್ ಹಾಳೆ ಮುಚ್ಚಿ, ಕೆಳಗೆ ಸೋಫಾ ಹಾಕುತ್ತಾರೆ. ರೂಪವೆಲ್ಲ ಉಳಿಯಿತು, ಮನೆಯ ಉಸಿರು ನಿಂತಿತು. ಮುಚ್ಚಿದ ತೊಟ್ಟಿ ಹಗಲಿಗೆ ಬಿಸಿ ಹಿಡಿದಿಡುವ ಡಬ್ಬಿ. ಒಳಮಾಡುಗಳ ವಿಸ್ತೀರ್ಣ 60 ಚದರ ಮೀಟರ್ ಇದ್ದು ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ 3,000 ಲೀಟರ್ ನೀರು ಬರುತ್ತದೆ. ತೊಟ್ಟಿಗೆ ಬೀಳುತ್ತಿದ್ದ ಆ ನೀರಿಗೆ ಈಗ ಹಾಳೆಯ ಅಂಚಿನಲ್ಲಿ ಬೇರೆ ದಾರಿ ಹುಡುಕಬೇಕು. ಮುಚ್ಚುವವರಿಗೂ ಕಾರಣಗಳಿವೆ: ಕಳ್ಳರು, ಕೋತಿಗಳು, ಸೊಳ್ಳೆ, ಇರಚಲು. ಮೊದಲ ಎರಡಕ್ಕೆ ಸಲಾಕೆಯ ಜಾಲರಿ ಸಾಕು, ಸೊಳ್ಳೆಗೆ ಕೋಣೆಯ ಬಾಗಿಲಿಗೆ ಬಲೆ, ಇರಚಲಿಗೆ ತೊಟ್ಟಿಯ ಸುತ್ತ ಇಳಿಬಿಡುವ ಪರದೆ. ಮುಚ್ಚಲೇಬೇಕೆಂದರೆ ಹಾಳೆಯನ್ನು ಮಾಡಿಗಿಂತ ಎರಡು ಅಡಿ ಮೇಲಕ್ಕೆತ್ತಿ ನಾಲ್ಕೂ ಬದಿ ಗಾಳಿಗೆ ತೆರೆದಿಡಬಹುದು. ಅದು ನೋಡಲು ಹಳೆಯದರಂತೆ ಇರುವುದಿಲ್ಲ, ಕೆಲಸ ಹಳೆಯದರದ್ದೇ ಮಾಡುತ್ತದೆ.

ಈ ದೃಷ್ಟಿಯಿಂದ ನೋಡಿದರೆ ವಿಸ್ತರಣೆ ಹಳೆಯ ಮನೆಗೆ ಒಂದು ಬಿಡುಗಡೆಯೂ ಹೌದು. ಮಣ್ಣಿನ ಗೋಡೆಗೆ, ಮರದ ಅಟ್ಟಕ್ಕೆ ದೊಡ್ಡ ಶತ್ರು ಇಂದಿನ ಬಚ್ಚಲು ಮತ್ತು ಅಡುಗೆಮನೆಯ ಕೊಳವೆ ನೀರು. ಮೂಲದಲ್ಲಿ ಬಚ್ಚಲುಮನೆ ಹಿತ್ತಲ ಕಡೆಗೆ ಬೇರೆಯಾಗಿ ಇದ್ದದ್ದೂ ನೀರನ್ನು ಮಲಗುವ ಜಾಗದಿಂದ ದೂರವಿಡುವ ವಿವೇಕದಿಂದಲೇ. ನೀರಿನ ಕೆಲಸವನ್ನೆಲ್ಲ ಹೊಸ ಭಾಗಕ್ಕೆ ಸಾಗಿಸಿ, ಹಳೆಯದರಲ್ಲಿ ಕೂರುವ, ಮಲಗುವ, ಪೂಜೆಯ, ಹಬ್ಬದ ಜಾಗಗಳನ್ನು ಉಳಿಸಿದರೆ ಎರಡೂ ತಮಗೊಪ್ಪುವ ಭಾರ ಹೊರುತ್ತವೆ. ಇದಕ್ಕೆ ಸಾಮಗ್ರಿಯ ಕೊರತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಗಳ ಬಗ್ಗೆ ದೀರ್ಘಕಾಲ ಕೆಲಸ ಮಾಡಿತು. ಅವು ಮಣ್ಣಿನ ಮನೆಯ ಪಕ್ಕದಲ್ಲಿ ಬಣ್ಣ ಬಳಿಯದೆಯೇ ಒಪ್ಪುತ್ತವೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹಳೆಯ ಮಂಗಳೂರು ಹೆಂಚುಗಳನ್ನು ಸ್ಲ್ಯಾಬಿನ ಕೆಳಪದರದಲ್ಲಿ, ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಜಾಗದಲ್ಲಿ ಇಟ್ಟು ಎರಕ ಹೊಯ್ಯಿಸಿದರು. ಕಾಂಕ್ರೀಟು ಉಳಿಯಿತು, ಕೆಳಗಿನಿಂದ ಹೆಂಚು ಕಾಣುತ್ತದೆ. ಅಲ್ಲಿ ಹೆಂಚು ವೇಷವಲ್ಲ, ಜಾಗ ತುಂಬುವ ದುಡಿಮೆ ಅದರದು. ಕೊಲಂಬೊದ 33ನೇ ಓಣಿಯಲ್ಲಿ ವಾಸ್ತುಶಿಲ್ಪಿ ಜೆಫ್ರಿ ಬಾವಾ 1950ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷಗಳಲ್ಲಿ ಸಾಲಿನ ನಾಲ್ಕು ಸಣ್ಣ ಬಂಗಲೆಗಳನ್ನು ಒಂದೊಂದಾಗಿ ಕೂಡಿಸಿ ತನ್ನ ಮನೆ ಮಾಡಿಕೊಂಡ. ಅವುಗಳನ್ನು ಕೂಡಿಸಿದ್ದು ಪುಟ್ಟ ಪುಟ್ಟ ಅಂಗಳಗಳು ಮತ್ತು ಅವುಗಳಿಂದ ಒಳಬರುವ ಬೆಳಕು. ಬೀದಿಗೆದುರಾದ ತುದಿಯಲ್ಲಿ ಎದ್ದ ಎತ್ತರದ ಬಿಳಿ ಭಾಗ ಬಂಗಲೆಯಂತೆ ನಟಿಸುವುದಿಲ್ಲ, ಆದರೂ ಅದು ಅದೇ ಮನೆ.

ಬಾವಾನ ಉದಾಹರಣೆಯನ್ನೇ ಹಿಡಿದು ಒಬ್ಬರು ನನಗೆ ಅಡ್ಡ ಬರಬಹುದು: ಆತ ಬೇರೆ ಕಡೆಯ ಹಳೆಯ ಕಂಬ ಬಾಗಿಲುಗಳನ್ನು ತಂದು ಕೂಡಿಸಿದ್ದನಲ್ಲ? ಹೌದು, ಇಂದು ಅದೊಂದು ದೊಡ್ಡ ವ್ಯಾಪಾರ. ಕಾರೈಕುಡಿಯ ಹಳೆಸಾಮಾನಿನ ಅಂಗಡಿಗಳಿಂದ ಚೆಟ್ಟಿನಾಡಿನ ಕಂಬಗಳು ಬೆಂಗಳೂರಿನ ಹಜಾರಗಳಿಗೆ ಬರುತ್ತವೆ. ತನ್ನ ಮನೆಯದೇ ಬಿದ್ದ ಭಾಗದ ಮರವನ್ನು ಹೊಸ ಭಾಗದಲ್ಲಿ ತೊಲೆಯಾಗಿ, ಬಾಗಿಲಾಗಿ ದುಡಿಸಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಕೊಂಡು ತಂದ ಕಂಬದ ವಿಷಯ ಬೇರೆ. ಇಂಥ ಕಂಬಕ್ಕೆ ಬೇಡಿಕೆ ಹೆಚ್ಚಿದಷ್ಟೂ ಹಳೆಯ ಮನೆಯನ್ನು ಉಳಿಸುವುದಕ್ಕಿಂತ ಬಿಚ್ಚಿ ಮಾರುವುದೇ ಲಾಭವಾಗುತ್ತದೆ. ನಮ್ಮ ಮನೆ ಹಳೆಯದಾಗಿ ಕಾಣಲೆಂದು ಇನ್ನೊಂದು ಹಳೆಯ ಮನೆ ಬಿಚ್ಚಿಕೊಳ್ಳುವುದನ್ನು ಸಂರಕ್ಷಣೆ ಎನ್ನುವುದು ಹೇಗೆ?

ಇದಕ್ಕಿಂತ ಗಂಭೀರವಾದ ಆಕ್ಷೇಪ ಕಸುಬಿನದು. ಮರಗೆಲಸದ ಆಚಾರ್ಯರು, ಸುಣ್ಣದ ಗಾರೆ ಬಲ್ಲವರು ಇನ್ನೂ ಇದ್ದಾರೆ. ಅವರು ಹಳೆಯ ಕ್ರಮದಲ್ಲೇ ಹೊಸ ಕೋಣೆ ಕಟ್ಟಿದರೆ ಅದನ್ನು ನಕಲೆನ್ನುವ ಹಕ್ಕು ಯಾರಿಗಿದೆ? ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಹೊರತಂದ ಸನ್ನದು ಯುರೋಪಿನ ಸನ್ನದುಗಳಿಂದ ಬೇರೆಯಾಗುವುದೂ ಇಲ್ಲಿಯೇ: ಬದುಕಿರುವ ಕಸುಬುದಾರ ಮತ್ತು ಅವನ ಕಟ್ಟುವ ಕ್ರಮ ಕೂಡ ಉಳಿಯಬೇಕಾದ ಪರಂಪರೆ ಎಂದು ಅದು ಗುರುತಿಸುತ್ತದೆ. ಮರದ ಕಂಬ ಮರದ್ದೇ ಆಗಿ, ಬೋದಿಗೆ ನಿಜವಾಗಿ ತೊಲೆ ಹೊತ್ತು, ಗೋಡೆ ಸುಣ್ಣದಲ್ಲಿ ಎದ್ದರೆ ಅದು ಮುಂದುವರಿಕೆ. ಅದು ಹಳೆಯದರಂತೆ ಕಾಣುವುದು ಕೆಲಸ ಒಂದೇ ಆದ್ದರಿಂದ. ನನ್ನ ತಕರಾರು ಕೆಲಸ ಬೇರೆಯಾಗಿ ತೋರಿಕೆ ಮಾತ್ರ ಒಂದಾಗಿರುವ ಕಟ್ಟಡದ ಬಗ್ಗೆ. ಆದರೆ ಒಳ್ಳೆಯ ತೇಗಕ್ಕೆ, ಹಲಸಿಗೆ ಇಂದಿನ ಬೆಲೆ ಕೇಳಿದ ಮೇಲೆ ಎಷ್ಟು ಕುಟುಂಬಗಳು ಆ ದಾರಿ ಹಿಡಿದಾವು? ಇರುವ ಹಣವನ್ನು ಹಳೆಯ ಮಾಡಿನ ಪಕಾಸು ಬದಲಿಸಲು, ಸಿಮೆಂಟ್ ಕಿತ್ತು ಸುಣ್ಣ ಮೆತ್ತಲು ಆಚಾರ್ಯರಿಗೂ ಗಾರೆಯವರಿಗೂ ಕೊಟ್ಟು, ಹೊಸ ಭಾಗವನ್ನು ಸರಳವಾಗಿ ಕಟ್ಟಿದರೆ ಕಸುಬಿಗೂ ಮನೆಗೂ ಹೆಚ್ಚು ಲಾಭ. ವೇಷದ ಖರ್ಚು ಕಡಿಮೆಯೇನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಅಂಟಿಸಿದ ಹೆಂಚಿಗೆ, ಕಾಂಕ್ರೀಟಿನ ಕೆತ್ತನೆಗೆ ಸುರಿದ ಹಣ ಹಳೆಯ ಮಾಡಿನ ಪಾಲಿನದು.

ಮನೆಯ ಹಿರಿಯರು ಒಪ್ಪುವುದಿಲ್ಲ ಎಂಬ ಮಾತು ಉಳಿಯುತ್ತದೆ. ಹಿರಿಯರು ನಿಜವಾಗಿ ಕೇಳುವುದೇನೆಂದು ವಿಚಾರಿಸಿದರೆ ಅದು ಬಹಳ ಸಲ ಕಂಬದ ಬಣ್ಣವಾಗಿರುವುದಿಲ್ಲ. ಹೊಸ ಭಾಗ ಹಳೆಯ ಸೂರಿಗಿಂತ ಎತ್ತರಕ್ಕೆ ಮೆರೆಯದಿರಲಿ, ನೆಲದ ಮಟ್ಟ ಒಂದೇ ಇರಲಿ, ಮುಂಬಾಗಿಲು ಹಳೆಯದೇ ಇರಲಿ, ಹಬ್ಬಕ್ಕೆ ಎಲ್ಲರೂ ಸೇರುವುದು ಪಡಸಾಲೆಯಲ್ಲೇ ಆಗಲಿ ಎಂಬಂಥ ಬೇಡಿಕೆಗಳವು. ಇವೆಲ್ಲ ನ್ಯಾಯವಾದವು, ಇವುಗಳನ್ನು ಈಡೇರಿಸಲು ಬೇಕಾದದ್ದು ಅಳತೆ ಮತ್ತು ಸಂಯಮ.

ಮನೆ ವಿಸ್ತರಿಸಹೊರಟವರಲ್ಲಿ ಒಂದು ವಿನಂತಿ. ಎಂಜಿನಿಯರ್ ನಕ್ಷೆ ತಂದಾಗ ಎದುರುನೋಟದ ಬಣ್ಣದ ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಳೆಯ ಗೋಡೆಗೂ ಹೊಸ ಪಾಯಕ್ಕೂ ಎಷ್ಟು ದೂರ, ಎರಡು ಮಾಡುಗಳ ನೀರು ಎಲ್ಲಿಗೆ ಹೋಗುತ್ತದೆ, ಹಳೆಯ ಗೋಡೆಗೆ ಯಾವ ಗಾರೆ, ನಾಳೆ ಹೊಸ ಭಾಗವನ್ನು ತೆಗೆದರೆ ಹಳೆಯದು ತಾನೇ ನಿಲ್ಲುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ. ಉತ್ತರಗಳನ್ನು ಬರೆದು ಕೊಟ್ಟ ಮೇಲಷ್ಟೇ ಗುದ್ದಲಿ ಪೂಜೆಗೆ ದಿನ ನೋಡಿಸಿ.